ವಿಳಾಸ ಬದಲಿಸಿದ ಅಂಗಡಿಯು ನಕ್ಷೆಯಿಂದ ಮಾಯವಾಗುವುದೇಕೆ?

ಅಂಗಡಿಯೊಂದು ತನ್ನ ಜಾಗವನ್ನು ಬದಲಾಯಿಸಿದಾಗ ಹಳೆಯ ಬಾಗಿಲಿನ ಮೇಲೆ ಸಣ್ಣದೊಂದು ಹಲಗೆಯನ್ನು ತೂಗುಹಾಕುವುದು ನಮ್ಮ ಊರುಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಅಂಗಡಿಯನ್ನು ಇಂಥ ಬೀದಿಗೆ ಸ್ಥಳಾಂತರಿಸಲಾಗಿದೆ, ಗಿರಾಕಿಗಳು ದಯವಿಟ್ಟು ಗಮನಿಸಬೇಕು ಎಂಬ ಎರಡು ಸಾಲು, ಕೆಳಗೆ ಒಂದು ಬಾಣದ ಗುರುತು, ಅಷ್ಟೇ ಸಾಕು. ಆ ಹಲಗೆಯನ್ನು ಓದಿದವರು ಅದನ್ನು ನಂಬಿ ಮುಂದೆ ನಡೆಯುತ್ತಾರೆ. ಏಕೆ ನಂಬುತ್ತಾರೆ? ಹಳೆಯ ಬಾಗಿಲಿಗೆ ಹಲಗೆ ಕಟ್ಟುವ ಅಧಿಕಾರ ಹಳೆಯ ಅಂಗಡಿಯವನಿಗೇ ಇರತಕ್ಕದ್ದು. ಬೇರೊಬ್ಬನು ಬಂದು ಸುಳ್ಳು ಹಲಗೆ ಕಟ್ಟಿದರೆ ಪಕ್ಕದ ಅಂಗಡಿಯವನು ಸುಮ್ಮನಿರುವುದಿಲ್ಲ. ಬೀದಿಗೆ ಬರುವ ಅಂಚೆಯವನಿಗೂ ನಿಜ ಸಂಗತಿ ಗೊತ್ತಿರುತ್ತದೆ. ಹೀಗೆ ಎರಡು ಸಾಲಿನ ಆ ಹಲಗೆಯ ಹಿಂದೆ ಒಂದು ಬೀದಿಯ ಸಾಕ್ಷ್ಯವೇ ನಿಂತಿರುತ್ತದೆ.

ಈಗ ಇದೇ ಸಂಗತಿಯನ್ನು ಬೇರೊಂದು ಕಡೆಯಿಂದ ನೋಡೋಣ. ಮೈಸೂರಿನ ದೇವರಾಜ ಅರಸು ರಸ್ತೆಯ ಬಳಿ ಒಂದು ಸಣ್ಣ ಗಡಿಯಾರ ದುರಸ್ತಿಯ ಅಂಗಡಿ ಇತ್ತೆಂದು ಭಾವಿಸೋಣ. ಬಾಡಿಗೆ ಹೆಚ್ಚಿದ್ದರಿಂದ ಅದರ ಒಡೆಯರು ಸುಮಾರು ಎರಡು ಕಿಲೋಮೀಟರು ದೂರದ ಸರಸ್ವತೀಪುರಕ್ಕೆ ಅಂಗಡಿಯನ್ನು ಸಾಗಿಸಿದರು. ಹಳೆಯ ಬಾಗಿಲಿಗೆ ಹಲಗೆ ಕಟ್ಟಿದರು. ಅನಂತರ ಮಗಳ ಸಹಾಯದಿಂದ ದೂರವಾಣಿಯನ್ನು ತೆರೆದು, ಗೂಗಲ್ ನಕ್ಷೆಯಲ್ಲಿದ್ದ ತಮ್ಮ ಅಂಗಡಿಯ ವಿಳಾಸವನ್ನೂ ತಿದ್ದಿದರು. ಮಾರನೆಯ ದಿನ ನೋಡಿದರೆ ಹಳೆಯ ವಿಳಾಸವೂ ಇಲ್ಲ, ಹೊಸ ವಿಳಾಸವೂ ಇಲ್ಲ. ಅಂಗಡಿಯೇ ನಕ್ಷೆಯಿಂದ ಕಾಣೆಯಾಗಿದೆ! ನಮೂದನ್ನು ಅಮಾನತಿನಲ್ಲಿ ಇಡಲಾಗಿದೆ ಎಂಬ ಒಂದು ಸೂಚನೆ ಮಾತ್ರ ಒಡೆಯರಿಗೆ ಬಂದಿದೆ. ದುರಸ್ತಿಗೆಂದು ಗಡಿಯಾರ ಕೊಟ್ಟು ಹೋದವರು ಅಂಗಡಿಯನ್ನು ಹುಡುಕಲಾರದೆ ಹಿಂದಿರುಗುತ್ತಾರೆ. ಹೊಸ ಗಿರಾಕಿಗಳು ಬರುವುದು ನಿಂತುಹೋಗುತ್ತದೆ.

ಇದು ನಾವು ಕಲ್ಪಿಸಿಕೊಂಡ ಅಂಗಡಿಯಾದರೂ ಇಂಥ ಅನುಭವವು ಕಲ್ಪಿತವಲ್ಲ. ನಿಜವನ್ನೇ ಹೇಳಿದ ಮನುಷ್ಯನಿಗೆ ಈ ಶಿಕ್ಷೆ ಏಕೆ? ಅವನು ತನ್ನ ಅಂಗಡಿಯನ್ನು ಮರಳಿ ನಕ್ಷೆಗೆ ತರುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ನಕ್ಷೆಯ ದೃಷ್ಟಿಯಲ್ಲಿ ಅಂಗಡಿ ಎಂದರೇನು?

ಗೂಗಲ್ ಮ್ಯಾಪ್ಸ್ ಎಂಬ ನಕ್ಷೆಯು ೨೦೦೫ರಲ್ಲಿ ಬಳಕೆಗೆ ಬಂದಿತು. ವ್ಯಾಪಾರಿಗಳು ತಮ್ಮ ಅಂಗಡಿಯ ವಿವರಗಳನ್ನು ತಾವೇ ಅದರಲ್ಲಿ ಬರೆಯಿಸಲು ಒಂದು ವ್ಯವಸ್ಥೆ ಇದೆ. ೨೦೧೪ರಲ್ಲಿ ಅದಕ್ಕೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿಡಲಾಯಿತು; ೨೦೨೧ರಲ್ಲಿ ಆ ಹೆಸರು ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದು ಬದಲಾಯಿತು. ಇದಕ್ಕೆ ಶುಲ್ಕವಿಲ್ಲ. ಹೀಗೆ ಬರೆಯಿಸಿದ ವಿವರವನ್ನು ನಾವು ಈ ಲೇಖನದಲ್ಲಿ ನಮೂದು ಎಂದು ಕರೆಯೋಣ.

ನಮೂದಿನಲ್ಲಿ ಅಂಗಡಿಯ ಹೆಸರು, ಅದರ ಕಸುಬು, ವಿಳಾಸ, ದೂರವಾಣಿ ಸಂಖ್ಯೆ, ತೆರೆದಿರುವ ವೇಳೆ, ಗಿರಾಕಿಗಳು ಬರೆದ ಅಭಿಪ್ರಾಯ ಇವೆಲ್ಲ ಸೇರಿರುತ್ತವೆ. ಇವುಗಳಲ್ಲಿ ವಿಳಾಸಕ್ಕೆ ಎರಡು ರೂಪಗಳುಂಟೆಂಬುದನ್ನು ನಾವು ಗಮನಿಸಬೇಕು. ಒಂದು, ಮಾತಿನ ರೂಪ: ಬಾಗಿಲು ಸಂಖ್ಯೆ, ಅಡ್ಡರಸ್ತೆ, ಮುಖ್ಯರಸ್ತೆ, ಬಡಾವಣೆ, ಊರು. ಇನ್ನೊಂದು, ಸಂಖ್ಯೆಯ ರೂಪ: ಭೂಮಿಯ ಮೇಲೆ ಆ ಬಾಗಿಲಿನ ಅಕ್ಷಾಂಶ ಮತ್ತು ರೇಖಾಂಶ. ನಕ್ಷೆಯ ಮೇಲೆ ಕಾಣುವ ಕೆಂಪು ಗುಂಡುಸೂಜಿ ಈ ಎರಡನೆಯ ರೂಪಕ್ಕೆ ಸೇರಿದ್ದು.

ಸಂಖ್ಯೆಯ ರೂಪ ಎಷ್ಟು ಸೂಕ್ಷ್ಮವಾದುದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಧ್ರುವಗಳ ಮೂಲಕ ಭೂಮಿಯ ಸುತ್ತಳತೆ ಸುಮಾರು ೪೦,೦೦೦ ಕಿಲೋಮೀಟರು. ಇದನ್ನು ೩೬೦ರಿಂದ ಭಾಗಿಸಿದರೆ ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು ೧೧೧ ಕಿಲೋಮೀಟರು ದೊರೆಯುತ್ತದೆ. ಆದುದರಿಂದ ದಶಮಾಂಶದ ಎರಡನೆಯ ಸ್ಥಾನದಲ್ಲಿ ಒಂದು ಅಂಕಿ ಬದಲಾದರೆ ಸುಮಾರು ೧.೧ ಕಿಲೋಮೀಟರು ಸರಿದಂತಾಯಿತು. ನಾಲ್ಕನೆಯ ಸ್ಥಾನದಲ್ಲಿ ಬದಲಾದರೆ ೧೧ ಮೀಟರು. ಐದನೆಯ ಸ್ಥಾನದಲ್ಲಿ ಬದಲಾದರೆ ಕೇವಲ ೧.೧ ಮೀಟರು, ಅಂದರೆ ಒಂದು ಬಾಗಿಲಿನ ಅಗಲ. ನಮ್ಮ ಗಡಿಯಾರದಂಗಡಿಯ ಎರಡು ಕಿಲೋಮೀಟರಿನ ಪ್ರಯಾಣವು ಎರಡನೆಯ ದಶಮಾಂಶ ಸ್ಥಾನದಲ್ಲಿ ಒಂದೆರಡು ಅಂಕಿಗಳ ಬದಲಾವಣೆ ಮಾತ್ರ.

ಮಾತಿನ ವಿಳಾಸವನ್ನು ಸಂಖ್ಯೆಯ ವಿಳಾಸಕ್ಕೆ ಪರಿವರ್ತಿಸುವ ಕೆಲಸವನ್ನು ಗಣಕಯಂತ್ರವೇ ಮಾಡುತ್ತದೆ. ಈ ಕೆಲಸ ನಮ್ಮ ದೇಶದಲ್ಲಿ ಸುಲಭವಲ್ಲ. ಒಂದೇ ನಗರದ ಹತ್ತಾರು ಬಡಾವಣೆಗಳಲ್ಲಿ ನಾಲ್ಕನೆಯ ಅಡ್ಡರಸ್ತೆ ಇರುತ್ತದೆ. ಒಂದೇ ಕಟ್ಟಡಕ್ಕೆ ಹಳೆಯ ಸಂಖ್ಯೆ ಬೇರೆ, ಹೊಸ ಸಂಖ್ಯೆ ಬೇರೆ. ಗಣಪತಿ ಗುಡಿಯ ಎದುರು, ನೀರಿನ ಟ್ಯಾಂಕಿನ ಹಿಂದೆ ಎಂಬ ಗುರುತುಗಳಿಂದ ಅಂಚೆಯವನು ಮನೆಯನ್ನು ಕಂಡುಹಿಡಿಯಬಲ್ಲನು. ಯಂತ್ರಕ್ಕೆ ಅದು ಕಷ್ಟ. ಈ ತೊಡಕನ್ನು ಕಡಿಮೆ ಮಾಡಲೆಂದೇ ೧೯೭೨ನೆಯ ಆಗಸ್ಟ್ ೧೫ರಂದು ಆರು ಅಂಕಿಗಳ ಪಿನ್ ಕೋಡ್ ಪದ್ಧತಿ ಜಾರಿಗೆ ಬಂದಿತು. ಆದರೆ ಪಿನ್ ಕೋಡ್ ಒಂದು ಅಂಚೆ ಕಛೇರಿಯ ವ್ಯಾಪ್ತಿಯನ್ನು ತಿಳಿಸುತ್ತದೆಯೇ ಹೊರತು ಬಾಗಿಲನ್ನು ತೋರಿಸುವುದಿಲ್ಲ.

೨೦೨೫ರಲ್ಲಿ ಭಾರತೀಯ ಅಂಚೆ ಇಲಾಖೆಯು ಡಿಜಿಪಿನ್ ಎಂಬ ಹೊಸ ಕ್ರಮವನ್ನು ಪ್ರಕಟಿಸಿತು. ಅದರ ರಚನೆ ಬಹು ಸೊಗಸಾದುದು. ಭಾರತವನ್ನು ಒಳಗೊಂಡ, ಒಂದೊಂದು ಬದಿಗೂ ೩೬ ಡಿಗ್ರಿಗಳಿರುವ ಒಂದು ಚೌಕವನ್ನು ತೆಗೆದುಕೊಂಡು, ಅದನ್ನು ೧೬ ಸಣ್ಣ ಚೌಕಗಳನ್ನಾಗಿ ಮಾಡಿ, ಒಂದೊಂದಕ್ಕೂ ಒಂದು ಸಂಕೇತವನ್ನು ಕೊಡುತ್ತಾರೆ. ಪ್ರತಿಯೊಂದು ಸಣ್ಣ ಚೌಕವನ್ನೂ ಮತ್ತೆ ೧೬ ಭಾಗ ಮಾಡುತ್ತಾರೆ. ಹೀಗೆ ಹತ್ತು ಸಲ. ಪ್ರತಿ ಸಲವೂ ಬದಿಯ ಅಳತೆ ನಾಲ್ಕರಲ್ಲಿ ಒಂದಾಗುವುದರಿಂದ, ಹತ್ತು ಸಲ ಮುಗಿಯುವ ವೇಳೆಗೆ ಅದು ೧೦,೪೮,೫೭೬ರಲ್ಲಿ ಒಂದು ಪಾಲಾಗಿರುತ್ತದೆ. ೩೬ ಡಿಗ್ರಿ ಎಂದರೆ ಸುಮಾರು ೪,೦೦೦ ಕಿಲೋಮೀಟರು. ಭಾಗಿಸಿ ನೋಡಿದರೆ ಕೊನೆಯ ಚೌಕದ ಬದಿ ನಾಲ್ಕು ಮೀಟರಿಗಿಂತ ಸ್ವಲ್ಪ ಕಡಿಮೆ. ಹತ್ತು ಸಂಕೇತಗಳಿಂದ ಒಂದು ಕೋಣೆಯಷ್ಟು ನೆಲವನ್ನು ಗುರುತಿಸಿದಂತಾಯಿತು!

ಆದರೆ ಇಲ್ಲೊಂದು ಮುಖ್ಯ ಸಂಗತಿಯನ್ನು ಮನಗಾಣಬೇಕು. ಒಂದು ಜಾಗ ಎಲ್ಲಿದೆ ಎಂಬುದನ್ನು ಗಣಿತವು ಎಷ್ಟು ಸೂಕ್ಷ್ಮವಾಗಿ ಬೇಕಾದರೂ ಹೇಳಬಲ್ಲದು. ಆ ಜಾಗದಲ್ಲಿ ಯಾರಿದ್ದಾರೆ ಎಂಬುದನ್ನು ಮಾತ್ರ ಗಣಿತವು ಹೇಳಲಾರದು. ಅದಕ್ಕೆ ಸಾಕ್ಷ್ಯ ಬೇಕು. ನಮ್ಮ ಗಡಿಯಾರದಂಗಡಿಯ ಕಷ್ಟದ ಮೂಲ ಇಲ್ಲಿಯೇ ಇದೆ.

ಯಂತ್ರಕ್ಕೆ ಸಂಶಯ ಹುಟ್ಟುವುದೇಕೆ?

ಬೀದಿಯ ಹಲಗೆಗೆ ನೆರೆಹೊರೆಯ ಸಾಕ್ಷ್ಯವಿತ್ತು. ನಕ್ಷೆಯ ನಮೂದಿಗೆ ನೆರೆಹೊರೆಯಿಲ್ಲ. ಎಲ್ಲೋ ಕುಳಿತವನೊಬ್ಬನು ಯಾವ ಬೀದಿಯಲ್ಲಿ ಬೇಕಾದರೂ ಒಂದು ಅಂಗಡಿಯನ್ನು ಹುಟ್ಟಿಸಬಹುದು. ಇದು ಬರಿಯ ಊಹೆಯಲ್ಲ. ೨೦೧೪ರಲ್ಲಿ ಅಮೆರಿಕದ ಒಬ್ಬಾತನು ಅಲ್ಲಿಯ ಎರಡು ಸರ್ಕಾರಿ ಭದ್ರತಾ ಕಛೇರಿಗಳ ಹೆಸರಿನಲ್ಲಿ ನಕ್ಷೆಯ ಮೇಲೆ ಸುಳ್ಳು ನಮೂದುಗಳನ್ನು ಮಾಡಿ, ಜನರು ಆ ಕಛೇರಿಗಳಿಗೆಂದು ಮಾಡಿದ ಕರೆಗಳು ತನ್ನ ಮೂಲಕ ಹಾದುಹೋಗುವಂತೆ ಮಾಡಿ ತೋರಿಸಿದನು. ವ್ಯವಸ್ಥೆಯ ದೌರ್ಬಲ್ಯವನ್ನು ಬಯಲಿಗೆ ತರುವುದೇ ತನ್ನ ಉದ್ದೇಶವೆಂದು ಅವನು ಹೇಳಿಕೊಂಡನು. ೨೦೧೮ರಲ್ಲಿ ಮಹಾರಾಷ್ಟ್ರದಲ್ಲಿ ಮೋಸಗಾರರು ಬ್ಯಾಂಕಿನ ನಮೂದುಗಳಲ್ಲಿ ದೂರವಾಣಿ ಸಂಖ್ಯೆಯನ್ನು ಬದಲಿಸಿಟ್ಟು, ಬ್ಯಾಂಕೆಂದು ನಂಬಿ ಕರೆಮಾಡಿದವರಿಂದ ಗುಟ್ಟಿನ ಸಂಖ್ಯೆಗಳನ್ನು ಪಡೆಯುತ್ತಿದ್ದ ಸಂಗತಿ ಬೆಳಕಿಗೆ ಬಂದಿತು.

ಹೆಚ್ಚು ವ್ಯಾಪಕವಾದ ಮೋಸವೆಂದರೆ ಬೀಗದ ಕೆಲಸದವರ ಹೆಸರಿನದು. ರಾತ್ರಿಯ ವೇಳೆ ಬೀಗದ ಕೈ ಕಳೆದುಕೊಂಡವನು ಹತ್ತಿರದ ಬೀಗದ ಕೆಲಸದವನನ್ನು ನಕ್ಷೆಯಲ್ಲಿ ಹುಡುಕುತ್ತಾನೆ. ಪಕ್ಕದ ಬೀದಿಯಲ್ಲೇ ಅಂಗಡಿಯೊಂದು ಕಾಣಿಸುತ್ತದೆ. ವಾಸ್ತವವಾಗಿ ಅಲ್ಲಿ ಯಾವ ಅಂಗಡಿಯೂ ಇಲ್ಲ. ಕರೆಯನ್ನು ಎತ್ತಿಕೊಂಡವನು ಬಹು ದೂರದಲ್ಲಿದ್ದಾನೆ. ಅವನು ಕಡಿಮೆ ಕೂಲಿ ಹೇಳಿ ಯಾರನ್ನೋ ಕಳುಹಿಸುತ್ತಾನೆ. ಕೆಲಸವಾದ ಮೇಲೆ ಹಲವು ಪಟ್ಟು ಹಣ ಕೇಳುತ್ತಾರೆ. ಸ್ಯಾನ್ ಡಿಯೆಗೋದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಶೋಧಕರೂ ಗೂಗಲ್ ಸಂಸ್ಥೆಯವರೂ ಕೂಡಿ ಒಂದು ಲಕ್ಷಕ್ಕೂ ಮೀರಿದ ಇಂಥ ಸುಳ್ಳು ನಮೂದುಗಳನ್ನು ಪರಿಶೀಲಿಸಿ ೨೦೧೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವುಗಳಲ್ಲಿ ಶೇಕಡ ೪೦ರಷ್ಟು ಬೀಗ, ನಲ್ಲಿ, ವಿದ್ಯುತ್ತು ಮುಂತಾದ, ಕರೆದಲ್ಲಿಗೆ ಬಂದು ಮಾಡುವ ಕೆಲಸಗಳಿಗೆ ಸೇರಿದ್ದುವು. ದೃಢೀಕರಣದ ಕಾಗದವು ತಮ್ಮ ಕೈಸೇರಲೆಂದು ಮೋಸಗಾರರು ಬಾಡಿಗೆಯ ಅಂಚೆಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದುದೂ ಕಂಡುಬಂದಿತು.

ಈಗ ಮೋಸಗಾರನ ಸ್ಥಾನದಲ್ಲಿ ನಿಂತು ಯೋಚಿಸಿ. ಹೊಸ ನಮೂದಿನ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಅದಕ್ಕಿಂತ, ಒಳ್ಳೆಯ ಅಭಿಪ್ರಾಯಗಳನ್ನು ಗಳಿಸಿರುವ ಹಳೆಯ ನಮೂದನ್ನು ಹೇಗಾದರೂ ಕೈವಶ ಮಾಡಿಕೊಂಡು, ಅದರ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಬದಲಿಸಿಬಿಟ್ಟರೆ ಸುಲಭವಲ್ಲವೆ? ಆಗ ಮತ್ತೊಬ್ಬರ ಹತ್ತು ವರ್ಷದ ಹೆಸರು ಇವನ ಪಾಲಾಯಿತು. ಹೀಗಿರುವುದರಿಂದ ವಿಳಾಸದ ಬದಲಾವಣೆಯು ಸಂಶಯಕ್ಕೆ ಸಹಜವಾದ ಕಾರಣವಾಗಿದೆ. ಯಂತ್ರವು ಯಾವ ಯಾವ ಲಕ್ಷಣಗಳನ್ನು ನೋಡಿ ಸಂಶಯಪಡುತ್ತದೆಂಬುದನ್ನು ಗೂಗಲ್ ಪೂರ್ತಿಯಾಗಿ ಬಹಿರಂಗಪಡಿಸಿಲ್ಲ. ಪಡಿಸಿದರೆ ಮೋಸಗಾರರು ಅದನ್ನೇ ಪಾಠ ಮಾಡಿಕೊಂಡಾರು. ಗಡಿಯಾರದಂಗಡಿಯ ಒಡೆಯರು ಪ್ರಾಮಾಣಿಕವಾಗಿ ಮಾಡಿದ ತಿದ್ದುಪಡಿಗೂ ಕಳ್ಳನು ಮಾಡುವ ತಿದ್ದುಪಡಿಗೂ ಯಂತ್ರದ ಕಣ್ಣಿಗೆ ಹೊರರೂಪದಲ್ಲಿ ವ್ಯತ್ಯಾಸವಿಲ್ಲ.

ಒಂದು ಸಣ್ಣ ಲೆಕ್ಕ

ಹಾಗಾದರೆ ಯಂತ್ರವು ಇನ್ನಷ್ಟು ಜಾಣತನದಿಂದ ಕಳ್ಳರನ್ನು ಮಾತ್ರ ಹಿಡಿಯಬಾರದೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಸಂಭಾವ್ಯತೆಯ ಗಣಿತವು ಕೊಡುತ್ತದೆ. ಕೆಳಗಿನ ಸಂಖ್ಯೆಗಳು ಲೆಕ್ಕಕ್ಕಾಗಿ ನಾವು ಇಟ್ಟುಕೊಂಡವು ಮಾತ್ರ. ಯಾವ ಸಂಸ್ಥೆಯ ಅಂಕಿ ಅಂಶಗಳೂ ಅಲ್ಲ.

ಹತ್ತು ಸಾವಿರ ಅಂಗಡಿಗಳು ವಿಳಾಸ ಬದಲಿಸಿದವೆಂದು ಇಟ್ಟುಕೊಳ್ಳೋಣ. ಅವುಗಳಲ್ಲಿ ನೂರು ಮೋಸದವು. ಉಳಿದ ೯,೯೦೦ ಪ್ರಾಮಾಣಿಕವಾದವು. ಯಂತ್ರವು ಬಹಳ ಚುರುಕಾಗಿದ್ದು, ನೂರು ಮೋಸಗಳಲ್ಲಿ ೯೦ನ್ನು ಹಿಡಿಯುತ್ತದೆ. ಪ್ರಾಮಾಣಿಕರ ವಿಷಯದಲ್ಲಿ ನೂರಕ್ಕೆ ಎರಡು ಸಲ ಮಾತ್ರ ತಪ್ಪುಮಾಡುತ್ತದೆ. ಇದು ಒಳ್ಳೆಯ ಯಂತ್ರವೆಂದೇ ಯಾರೂ ಹೇಳುವರು. ಆದರೆ ೯,೯೦೦ರಲ್ಲಿ ಶೇಕಡ ಎರಡು ಎಂದರೆ ೧೯೮. ಅಂದಮೇಲೆ ಅಮಾನತಿಗೆ ಒಳಗಾದ ಒಟ್ಟು ೨೮೮ ಅಂಗಡಿಗಳಲ್ಲಿ ೯೦ ಮಾತ್ರ ಮೋಸದವು, ೧೯೮ ಪ್ರಾಮಾಣಿಕವಾದವು. ಮೂರರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು ಮಂದಿ ನಿರಪರಾಧಿಗಳು!

ಪ್ರಾಮಾಣಿಕರ ಸಂಖ್ಯೆ ಬಹು ದೊಡ್ಡದಾಗಿಯೂ ಮೋಸಗಾರರ ಸಂಖ್ಯೆ ಸಣ್ಣದಾಗಿಯೂ ಇರುವೆಡೆಗಳಲ್ಲೆಲ್ಲ ಹೀಗೆಯೇ ಆಗುತ್ತದೆ. ವಿರಳವಾದ ರೋಗವೊಂದನ್ನು ಪತ್ತೆಮಾಡುವ ರಕ್ತಪರೀಕ್ಷೆಯಲ್ಲಿಯೂ ಇದೇ ತೊಡಕುಂಟು. ಅಲ್ಲಿ ಮೊದಲ ಪರೀಕ್ಷೆಯಲ್ಲಿ ರೋಗವಿದೆಯೆಂದು ಬಂದವರಿಗೆ ಎರಡನೆಯ ಪರೀಕ್ಷೆಯನ್ನು ಮಾಡುತ್ತಾರೆ. ಯಂತ್ರವನ್ನು ಸಡಿಲಗೊಳಿಸಿದರೆ ನಿರಪರಾಧಿಗಳು ಪಾರಾಗುತ್ತಾರೆ, ಆದರೆ ಬೀಗದ ಮೋಸಗಾರರೂ ಪಾರಾಗುತ್ತಾರೆ. ಬಿಗಿಗೊಳಿಸಿದರೆ ಇಬ್ಬರೂ ಸಿಕ್ಕಿಬೀಳುತ್ತಾರೆ. ಎರಡು ಬಗೆಯ ತಪ್ಪುಗಳನ್ನೂ ಏಕಕಾಲದಲ್ಲಿ ಪೂರ್ತಿ ತೊಡೆದುಹಾಕಲು ಇಂಥ ಒಂದೇ ಜರಡಿಯಿಂದ ಆಗದು. ಆದುದರಿಂದಲೇ ಎರಡನೆಯ ಜರಡಿ ಅವಶ್ಯ. ಮನವಿ ಎಂಬುದು ಆ ಎರಡನೆಯ ಜರಡಿ.

ಇದರಿಂದ ನಮ್ಮ ಅಂಗಡಿಯ ಒಡೆಯರು ಗ್ರಹಿಸಬೇಕಾದ ನೀತಿ ಇಷ್ಟೆ: ಅಮಾನತು ಎಂಬುದು ತೀರ್ಪಲ್ಲ, ಒಂದು ಪ್ರಶ್ನೆ. ಕೋಪದಿಂದ ಬರೆದ ಪತ್ರ ಆ ಪ್ರಶ್ನೆಗೆ ಉತ್ತರವಾಗಲಾರದು. ಪುರಾವೆ ಮಾತ್ರ ಉತ್ತರವಾದೀತು.

ಮರಳಿ ಪಡೆಯುವ ಕ್ರಮ

ಮೊದಲು ಸೂಚನೆಯನ್ನು ಸರಿಯಾಗಿ ಓದಿಕೊಳ್ಳಬೇಕು. ವಿಳಾಸ ಬದಲಿಸಿದ ಮೇಲೆ ಕೆಲವು ವೇಳೆ ನಮೂದನ್ನು ಪುನಃ ದೃಢೀಕರಿಸಬೇಕೆಂದು ಮಾತ್ರ ಕೇಳಿರುತ್ತಾರೆ. ಅದು ಅಮಾನತಲ್ಲ, ಅಲ್ಲಿ ಮನವಿಯ ಅವಶ್ಯಕತೆಯಿಲ್ಲ. ಅಮಾನತೇ ಆಗಿದ್ದರೆ ಯಾವ ನಿಯಮವನ್ನು ಕಾರಣವಾಗಿ ಹೇಳಿದ್ದಾರೆಂಬುದನ್ನು ನೋಡಬೇಕು.

ಎರಡನೆಯದಾಗಿ, ನಮೂದನ್ನು ನಿಯಮಗಳೊಡನೆ ಹೋಲಿಸಿ ನೋಡಬೇಕು. ಬೀದಿಯ ಫಲಕದಲ್ಲಿ ಇರುವ ಹೆಸರೇ ನಮೂದಿನಲ್ಲಿಯೂ ಇರಬೇಕು. ಹೆಸರಿನ ಜೊತೆಗೆ ಅಗ್ಗದ ದರ, ಅತ್ಯುತ್ತಮ ಸೇವೆ ಎಂಬ ಹೊಗಳಿಕೆಗಳನ್ನು ಸೇರಿಸುವಂತಿಲ್ಲ. ಅಂಚೆಪೆಟ್ಟಿಗೆಯನ್ನು ವಿಳಾಸವಾಗಿ ಕೊಡುವಂತಿಲ್ಲ. ತಮ್ಮ ಸಿಬ್ಬಂದಿ ಯಾರೂ ಕೂರದ, ಹೆಸರಿಗೆ ಮಾತ್ರ ಬಾಡಿಗೆಗೆ ಪಡೆದ ಕಛೇರಿಯೂ ಆಗದು. ಗಿರಾಕಿಗಳ ಮನೆಗೇ ಹೋಗಿ ಕೆಲಸಮಾಡುವವನು, ಗಿರಾಕಿಗಳು ಬರಲು ಜಾಗವಿಲ್ಲದಿದ್ದರೆ, ತನ್ನ ಮನೆಯ ವಿಳಾಸವನ್ನು ಮರೆಮಾಡಿ ತಾನು ಸಂಚರಿಸುವ ಪ್ರದೇಶಗಳನ್ನು ಮಾತ್ರ ತಿಳಿಸಬೇಕು. ಇವುಗಳಲ್ಲಿ ಏನಾದರೂ ಲೋಪವಿದ್ದರೆ ಮನವಿಗೆ ಮುಂಚೆಯೇ ತಿದ್ದಿಕೊಳ್ಳುವುದು ಒಳ್ಳೆಯದು. ಕೆಂಪು ಗುಂಡುಸೂಜಿಯು ಹೊಸ ಬಾಗಿಲಿನ ಮೇಲೆ ಸರಿಯಾಗಿ ನಿಂತಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಮೂರನೆಯದಾಗಿ, ಪುರಾವೆಗಳನ್ನು ಕೂಡಿಸಬೇಕು. ವ್ಯಾಪಾರದ ನೋಂದಣಿ ಪತ್ರ, ಪರವಾನಗಿ, ತೆರಿಗೆಯ ಪ್ರಮಾಣಪತ್ರ, ವಿದ್ಯುತ್ತು ನೀರು ದೂರವಾಣಿಗಳ ಬಿಲ್ಲು ಇವು ಸ್ವೀಕೃತವಾಗುವ ಕಾಗದಗಳು. ಇವುಗಳಲ್ಲಿರುವ ಹೆಸರೂ ವಿಳಾಸವೂ ನಮೂದಿನ ಹೆಸರು ವಿಳಾಸಗಳಿಗೆ ಹೊಂದಿಕೆಯಾಗಬೇಕೆಂಬುದೇ ಇಲ್ಲಿಯ ಮರ್ಮ. ಸ್ಥಳಾಂತರವಾದವರು ಎಡವುವುದೂ ಇಲ್ಲಿಯೇ. ಅವರು ನಕ್ಷೆಯನ್ನು ಮೊದಲು ತಿದ್ದುತ್ತಾರೆ. ಕಾಗದಗಳನ್ನು ಆಮೇಲೆ ತಿದ್ದಿಸಿದರಾಯಿತೆಂದು ಬಿಡುತ್ತಾರೆ. ಆಗ ಅವರ ನಮೂದು ಸರಸ್ವತೀಪುರ ಎನ್ನುತ್ತದೆ. ಅವರ ಎಲ್ಲ ಕಾಗದಗಳೂ ದೇವರಾಜ ಅರಸು ರಸ್ತೆ ಎನ್ನುತ್ತವೆ. ಪರಿಶೀಲಿಸುವವನು ಯಾವುದನ್ನು ನಂಬಬೇಕು?

ಆದುದರಿಂದ ಸರಿಯಾದ ಕ್ರಮವೆಂದರೆ ಮೊದಲು ಕಾಗದ, ಆಮೇಲೆ ಫಲಕ, ಕೊನೆಗೆ ನಕ್ಷೆ. ಸರಕು ಮತ್ತು ಸೇವಾ ತೆರಿಗೆಯಲ್ಲಿ ನೋಂದಾಯಿಸಿಕೊಂಡವರು ವ್ಯಾಪಾರದ ಮುಖ್ಯ ಸ್ಥಳ ಬದಲಾದ ೧೫ ದಿನಗಳೊಳಗೆ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕೆಂದು ಕಾನೂನೇ ವಿಧಿಸುತ್ತದೆ. ಆದ್ದರಿಂದ ಇದು ನಕ್ಷೆಗಾಗಿ ಮಾಡುವ ಹೆಚ್ಚಿನ ಕೆಲಸವೇನೂ ಅಲ್ಲ. ಕರ್ನಾಟಕದಲ್ಲಿ ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ಪಡೆದ ನೋಂದಣಿ ಪತ್ರ, ನಗರಪಾಲಿಕೆಯ ವ್ಯಾಪಾರ ಪರವಾನಗಿ, ಸಣ್ಣ ಉದ್ಯಮಗಳಿಗಾಗಿ ೨೦೨೦ರಲ್ಲಿ ಆರಂಭವಾದ ಉದ್ಯಮ್ ನೋಂದಣಿಯ ಪ್ರಮಾಣಪತ್ರ, ತಿಂಡಿ ಊಟದ ಅಂಗಡಿಯಾದರೆ ಆಹಾರ ಸುರಕ್ಷತೆಯ ಪರವಾನಗಿ ಇವುಗಳಲ್ಲೆಲ್ಲ ಹೊಸ ವಿಳಾಸವನ್ನು ಬರೆಯಿಸಿಕೊಳ್ಳಬೇಕು.

ನಾಲ್ಕನೆಯದಾಗಿ ಮನವಿ. ನಮೂದಿನ ಒಡೆತನ ಯಾವ ಖಾತೆಯಲ್ಲಿದೆಯೋ ಆ ಖಾತೆಯಿಂದಲೇ ಪ್ರವೇಶಿಸಿ ಮನವಿಯನ್ನು ಸಲ್ಲಿಸಬೇಕು. ಇಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ಕಟ್ಟಳೆಯುಂಟು. ಮನವಿಯನ್ನು ಸಲ್ಲಿಸಿದ ಮೇಲೆ ಪುರಾವೆಗಳನ್ನು ಸೇರಿಸಲು ಒಂದು ನಮೂನೆ ತೆರೆದುಕೊಳ್ಳುತ್ತದೆ. ಅದನ್ನು ೬೦ ನಿಮಿಷಗಳೊಳಗೆ ತುಂಬಿ ಕಳುಹಿಸಬೇಕು. ಮನವಿ ಸಲ್ಲಿಸಿದ ಅನಂತರ ಬಿಲ್ಲು ಹುಡುಕಲು ಮನೆಗೆ ಓಡಿದರೆ ಸಮಯ ಮೀರಿಹೋಗುತ್ತದೆ. ಮನವಿಯು ಪುರಾವೆಯಿಲ್ಲದೆ ಪರಿಶೀಲನೆಗೆ ಹೋಗುತ್ತದೆ. ಎಲ್ಲ ಕಾಗದಗಳ ಸ್ಪಷ್ಟವಾದ ಪ್ರತಿಗಳನ್ನು ಒಂದೇ ಕಡೆ ಜೋಡಿಸಿಟ್ಟುಕೊಂಡ ಮೇಲೆಯೇ ಮನವಿಯನ್ನು ಆರಂಭಿಸುವುದು ವಿವೇಕ.

ಮನವಿಯಲ್ಲಿ ಬರೆಯುವ ಮಾತುಗಳು ಸಂಕ್ಷೇಪವಾಗಿರಲಿ: ಅಂಗಡಿಯ ಹೆಸರು, ಹಿಂದಿನ ವಿಳಾಸ, ಇಂದಿನ ವಿಳಾಸ, ಸ್ಥಳಾಂತರದ ದಿನಾಂಕ, ಜೊತೆಗಿಟ್ಟ ಕಾಗದಗಳ ಪಟ್ಟಿ. ಅನಂತರ ಉತ್ತರಕ್ಕಾಗಿ ಕಾಯಬೇಕು. ಮನವಿ ತಿರಸ್ಕೃತವಾದರೆ ಮತ್ತೊಮ್ಮೆ ಪರಿಶೀಲಿಸಬೇಕೆಂದು ಕೋರಲು ಅವಕಾಶವುಂಟು. ಆಗ ಮೊದಲು ಕೊಟ್ಟ ಕಾಗದಗಳನ್ನೇ ಮತ್ತೆ ಕೊಡುವ ಬದಲು, ಮೊದಲಿನ ಕೊರತೆ ಯಾವುದೆಂದು ಹುಡುಕಿ ಅದನ್ನು ತುಂಬಬೇಕು.

ವಿಡಿಯೋ ಚಿತ್ರದ ಸಾಕ್ಷ್ಯ

ನಮೂದು ಮರಳಿ ಬಂದ ಮೇಲೂ, ಅಥವಾ ಅಮಾನತೇ ಇಲ್ಲದೆ ವಿಳಾಸ ಬದಲಾದಾಗಲೂ ದೃಢೀಕರಣವನ್ನು ಕೇಳಬಹುದು. ಮೊದಲ ವರ್ಷಗಳಲ್ಲಿ ಇದು ಹೆಚ್ಚಾಗಿ ಅಂಚೆಯ ಮೂಲಕ ನಡೆಯುತ್ತಿತ್ತು. ಗುಟ್ಟಿನ ಸಂಖ್ಯೆಯೊಂದನ್ನು ಮುದ್ರಿಸಿದ ಕಾರ್ಡು ಅಂಗಡಿಯ ವಿಳಾಸಕ್ಕೆ ಬರುತ್ತಿತ್ತು; ಆ ಸಂಖ್ಯೆಯನ್ನು ಬರೆದುಕೊಟ್ಟರೆ ದೃಢೀಕರಣವಾಯಿತು. ಕಾರ್ಡು ಬಂದ ಬಾಗಿಲಿನಲ್ಲಿ ಅಂಗಡಿಯವನಿದ್ದಾನೆ ಎಂಬುದು ಇದರ ತರ್ಕ. ಆದರೆ ಕಾರ್ಡು ಪಡೆದವನು ಅಲ್ಲಿ ಅಂಗಡಿ ನಡೆಸುತ್ತಾನೆಂಬುದು ಇದರಿಂದ ಸಿದ್ಧವಾಗುವುದಿಲ್ಲವಷ್ಟೆ. ಬಾಡಿಗೆಯ ಅಂಚೆಪೆಟ್ಟಿಗೆಗಳವರು ಈ ಸಂದಿನಿಂದಲೇ ನುಸುಳಿದರು. ಇತ್ತೀಚಿನ ವರ್ಷಗಳಲ್ಲಿ ವಿಡಿಯೋ ಚಿತ್ರದ ಮೂಲಕ ದೃಢೀಕರಿಸುವ ಕ್ರಮ ಹೆಚ್ಚು ಬಳಕೆಗೆ ಬಂದಿದೆ.

ಈ ಚಿತ್ರದಲ್ಲಿ ಮೂರು ಸಂಗತಿಗಳು ಕಾಣಬೇಕು. ಮೊದಲನೆಯದು ಸ್ಥಳ: ಬೀದಿಯ ಹೆಸರಿನ ಫಲಕ, ನೆರೆಯ ಅಂಗಡಿಗಳು. ಎರಡನೆಯದು ವ್ಯಾಪಾರ: ಅಂಗಡಿಯ ಫಲಕ, ಒಳಗಿನ ಸಲಕರಣೆಗಳು. ನಮ್ಮ ಒಡೆಯರ ವಿಷಯದಲ್ಲಿ ಭೂತಕನ್ನಡಿ, ಸಣ್ಣ ಚಿಮುಟ, ಬಿಚ್ಚಿಟ್ಟ ಗಡಿಯಾರಗಳು. ಮೂರನೆಯದು ಅಧಿಕಾರ: ಬೀಗದ ಕೈಯಿಂದ ಬಾಗಿಲು ತೆರೆಯುವುದು, ಗಲ್ಲಾಪೆಟ್ಟಿಗೆಯನ್ನೋ ಗಿರಾಕಿಗಳಿಗೆ ಪ್ರವೇಶವಿಲ್ಲದ ಒಳಕೋಣೆಯನ್ನೋ ತೋರಿಸುವುದು. ಚಿತ್ರವು ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ತೆಗೆದದ್ದಾಗಿರಬೇಕು. ಬ್ಯಾಂಕಿನ ಲೆಕ್ಕದ ಕಾಗದಗಳಾಗಲಿ ಜನರ ಮುಖಗಳಾಗಲಿ ಅದರಲ್ಲಿ ಸೇರದಂತೆ ಎಚ್ಚರವಹಿಸಬೇಕು.

ಈ ಮೂರನ್ನೂ ಕೂಡಿಸಿ ನೋಡಿದರೆ ನಮಗೊಂದು ಹಳೆಯ ವಿಷಯ ಹೊಳೆಯುತ್ತದೆ. ಬೀದಿ, ನೆರೆಯವರು, ಬಾಗಿಲ ಮೇಲೆ ಅಧಿಕಾರ. ಹಲಗೆಯ ಹಿಂದೆ ನಿಂತಿದ್ದ ಸಾಕ್ಷ್ಯವೂ ಇದೇ ಅಲ್ಲವೆ? ಯಂತ್ರವು ತನಗಿಲ್ಲದ ನೆರೆಹೊರೆಯನ್ನು ಒಂದೆರಡು ನಿಮಿಷಗಳ ಮಟ್ಟಿಗೆ ಚಿತ್ರದ ಮೂಲಕ ಪಡೆದುಕೊಳ್ಳುತ್ತಿದೆ.

ಮಾಡಬಾರದ ಕೆಲಸಗಳು

ಗಾಬರಿಗೊಂಡವರು ಕೆಲವು ತಪ್ಪುಗಳನ್ನು ಮಾಡುವುದುಂಟು. ಅಮಾನತಾದ ನಮೂದನ್ನು ಹಾಗೆಯೇ ಬಿಟ್ಟು ಅದೇ ಅಂಗಡಿಗೆ ಹೊಸದೊಂದು ನಮೂದನ್ನು ಸೃಷ್ಟಿಸುವುದು ಮೊದಲನೆಯ ತಪ್ಪು. ಒಂದು ಅಂಗಡಿಗೆ ಎರಡು ನಮೂದುಗಳಾದರೆ ಸಂಶಯ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸ್ಥಳಾಂತರಗೊಂಡ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಿದೆ ಎಂದು ಗುರುತುಹಾಕುವುದು ಎರಡನೆಯ ತಪ್ಪು. ಅಂಗಡಿ ಮುಚ್ಚಿಲ್ಲ, ಸರಿದಿದೆ. ಹಳೆಯ ನಮೂದಿನ ವಿಳಾಸವನ್ನೇ ತಿದ್ದಿದರೆ ಗಿರಾಕಿಗಳ ಅಭಿಪ್ರಾಯಗಳೂ ಅದರ ಜೊತೆಯಲ್ಲಿಯೇ ಉಳಿಯಲು ಅವಕಾಶವಿದೆ.

ಮೂರನೆಯದು ಎಲ್ಲಕ್ಕಿಂತ ಅಪಾಯಕರ. ಹಣ ಕೊಟ್ಟರೆ ನಿಮ್ಮ ನಮೂದನ್ನು ಒಂದೇ ದಿನದಲ್ಲಿ ಮರಳಿ ತರುತ್ತೇವೆಂದು ಗೂಗಲ್ ಸಂಸ್ಥೆಯವರ ಹೆಸರಿನಲ್ಲಿ ಕರೆಮಾಡುವವರಿದ್ದಾರೆ. ಮನವಿಗೆ ಶುಲ್ಕವಿಲ್ಲವೆಂಬುದನ್ನು ನೆನಪಿಡಬೇಕು. ದೃಢೀಕರಣದ ಗುಟ್ಟಿನ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಅದನ್ನು ಪಡೆದವನು ನಮೂದನ್ನೇ ಕೈವಶ ಮಾಡಿಕೊಳ್ಳಬಹುದು.

ಕಡೆಯ ಮಾತು

ಯಂತ್ರದ ಪರವಾಗಿ ಇಷ್ಟು ಹೇಳಿದ ಮೇಲೆ, ಅದರ ವಿರುದ್ಧವಾಗಿಯೂ ಒಂದು ಮಾತನ್ನು ಹೇಳುವುದು ನ್ಯಾಯ. ಪುರಾವೆಯನ್ನು ಕೇಳುವ ವ್ಯವಸ್ಥೆಯಲ್ಲಿ ಕಾಗದಪತ್ರಗಳಿರುವವನಿಗೆ ಅನುಕೂಲ ಹೆಚ್ಚು. ದೊಡ್ಡ ಮಳಿಗೆಗೆ ಹತ್ತು ಬಗೆಯ ಪ್ರಮಾಣಪತ್ರಗಳಿರುತ್ತವೆ. ಅವುಗಳನ್ನು ನೋಡಿಕೊಳ್ಳಲು ಗುಮಾಸ್ತರಿರುತ್ತಾರೆ. ವಿದ್ಯುತ್ತಿನ ಬಿಲ್ಲು ಮನೆಯೊಡೆಯನ ಹೆಸರಿನಲ್ಲಿದ್ದು, ವಾರ್ಷಿಕ ವಹಿವಾಟು ತೆರಿಗೆಯ ಮಿತಿಯೊಳಗೇ ಇದ್ದು, ಬಾಡಿಗೆಯ ಕರಾರು ಬಾಯಿಮಾತಿನಲ್ಲೇ ನಡೆದಿರುವ ಸಣ್ಣ ಅಂಗಡಿಯವನಿಗೆ ತಾನು ಇದ್ದೇನೆಂದು ಸಿದ್ಧಪಡಿಸುವುದೇ ಕಷ್ಟ. ಇಪ್ಪತ್ತು ವರ್ಷ ಊರಿನವರೆಲ್ಲರ ಗಡಿಯಾರಗಳನ್ನು ಸರಿಪಡಿಸಿಕೊಟ್ಟವನನ್ನು ಊರೆಲ್ಲ ಬಲ್ಲದು. ಯಂತ್ರವು ಮಾತ್ರ ಅರಿಯದು. ಮೇಲಿನ ಲೆಕ್ಕದ ೧೯೮ ಮಂದಿಯಲ್ಲಿ ಇಂಥವರು ಇರುತ್ತಾರೆಂಬುದನ್ನು ನಾವು ಮರೆಯಬಾರದು.

ಇಂಥ ಕಡೆ ವಿದ್ಯಾರ್ಥಿಗಳಿಂದ ದೊಡ್ಡ ಉಪಕಾರವಾಗಬಹುದು. ನಿಮ್ಮ ಮನೆಯವರದೋ ನೆರೆಯವರದೋ ಅಂಗಡಿಯೊಂದು ಜಾಗ ಬದಲಿಸುವ ಸಿದ್ಧತೆಯಲ್ಲಿದ್ದರೆ, ಸ್ಥಳಾಂತರಕ್ಕೆ ಮುಂಚೆಯೇ ಕುಳಿತು ಅವರ ಕಾಗದಗಳ ಪಟ್ಟಿಯನ್ನು ಮಾಡಿ. ಯಾವುದರಲ್ಲಿ ಹೆಸರು ಹೇಗೆ ಬರೆದಿದೆ, ಯಾವುದರಲ್ಲಿ ವಿಳಾಸ ಹಳೆಯದು, ನಮೂದಿನ ಒಡೆತನ ಯಾರ ಖಾತೆಯಲ್ಲಿದೆ ಎಂಬುದನ್ನು ಗುರುತುಹಾಕಿ. ಬಾಡಿಗೆಯ ಕರಾರನ್ನು ಬರವಣಿಗೆಯಲ್ಲಿ ಮಾಡಿಸಿಕೊಳ್ಳಲು ಹೇಳಿ. ಪರವಾನಗಿಗಳಲ್ಲಿ ಹೊಸ ವಿಳಾಸವನ್ನು ಬರೆಯಿಸಲು ಅದೇ ಆಧಾರವಾಗುತ್ತದೆ. ಇದು ಒಂದು ಸಂಜೆಯ ಕೆಲಸ. ಆ ಒಂದು ಸಂಜೆಯ ಕೆಲಸದಿಂದ ಒಂದು ಕುಟುಂಬದ ಕೆಲವು ವಾರಗಳ ಸಂಪಾದನೆ ಉಳಿದೀತು.

ಹಾಗೆಯೇ, ಹಳೆಯ ಬಾಗಿಲಿಗೆ ಆ ಸಣ್ಣ ಹಲಗೆಯನ್ನು ಕಟ್ಟುವುದನ್ನೂ ಮರೆಯಬೇಡಿ. ನಕ್ಷೆಯ ಮೇಲೆ ಅಂಗಡಿ ಕಾಣದಿರುವ ದಿನಗಳಲ್ಲಿ, ಗಡಿಯಾರವನ್ನು ಕೈಯಲ್ಲಿ ಹಿಡಿದುಕೊಂಡು ಬಂದ ಗಿರಾಕಿಗೆ ದಾರಿ ತೋರಿಸುವುದು ಅದೊಂದೇ.